ಹಿಗ್ಗಿದ ಟೇಪು

ಮಂಗಳವಾರ, ೧೨ ಮಾರ್ಚ್

ಕೈ ಕಟ್ಟಿಕೊಂಡು ಕುರ್ಚಿಯಿಂದ ಐದು ಸಲ ಎದ್ದು ಕೂರಿ ಎಂದರು ಡಾಕ್ಟರಮ್ಮ. ಮೂರನೆಯದಕ್ಕೇ ಸೋತೆ.

"ಇನ್ಸುಲಿನ್ ನಿಮ್ಮ ಮೈಯಲ್ಲಿ ಬೇಕಾದ್ದಕ್ಕಿಂತ ಜಾಸ್ತೀನೇ ಇದೆ. ಮೈ ಅದರ ಮಾತು ಕೇಳ್ತಿಲ್ಲ. ಹೊಟ್ಟೆ ಬೆಳೆದು ಕಾಲು ಸೊರಗೋಕೆ ಅದೂ ಒಂದು ಕಾರಣ."

ಜಾಸ್ತಿ ಇದ್ದೂ ಸಾಲದು ಅಂದರೆ ಏನರ್ಥ? ನಲವತ್ತು ವರ್ಷ ಬಟ್ಟೆ ಹೊಲಿದವನ ತಲೆಗೂ ಈ ಲೆಕ್ಕ ಹತ್ತಲಿಲ್ಲ.

ಮನೆಗೆ ಬಂದು ನನ್ನ ಅಳತೆ ನಾನೇ ತೆಗೆದೆ. ಅಂಗಡಿಯ ಹಳೆಯ ಅಳತೆ ಪುಸ್ತಕದಲ್ಲಿ ನನ್ನ ಸೊಂಟ ಮೂವತ್ನಾಲ್ಕು ಇಂಚು, ತೊಡೆ ಇಪ್ಪತ್ತೆರಡು. ಈಗ ಸೊಂಟ ನಲವತ್ತು, ತೊಡೆ ಹತ್ತೊಂಬತ್ತು.

"ಟೇಪು ಹಳೇದು ಕಣೇ, ಹಿಗ್ಗಿದೆ. ಹಿಗ್ಗಿದ ಟೇಪು ಕಡಿಮೆ ತೋರಿಸುತ್ತೆ. ತೊಡೆ ಸರಿಯಾಗೇ ಇದೆ," ಅಂದೆ ಹೆಂಡತಿಗೆ.

"ಹಾಗಾದ್ರೆ ಸೊಂಟ ನಲವತ್ತಕ್ಕಿಂತ ಜಾಸ್ತಿ ಅಂತಾಯ್ತಲ್ಲ ರೀ?" ಅಂದಳು ನನ್ನವಳು.

ಹೊಸ ಟೇಪು ತಂದು ಅಳೆದೆ. ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ.

ಅಂಗಡಿಗೆ ಯಾರಾದರೂ ಈ ಅಳತೆ ಬರೆದು ಕಳಿಸಿದ್ದರೆ, ಸೊಂಟ ಒಬ್ಬರದು, ಕಾಲು ಇನ್ನೊಬ್ಬರದು ಎಂದು ಚೀಟಿ ವಾಪಸ್ ಮಾಡುತ್ತಿದ್ದೆ. ನನ್ನನ್ನು ಎಲ್ಲಿಗೆ ವಾಪಸ್ ಮಾಡಲಿ?

ದೀಪ ಆರಿಸಲು ಏಳಬೇಕು. ನನ್ನವಳು ಮಲಗಿದ್ದಾಳೆ, ಯಾರೂ ನೋಡುತ್ತಿಲ್ಲ. ಆದರೂ ಮೇಜಿಗೆ ಕೈ ಊರಲು ಯಾಕೋ ನಾಚಿಕೆ. ಇನ್ನೊಂದು ಸಾಲು ಬರೆದು ಏಳುತ್ತೇನೆ.