ಕಂಬದ ಮೇಲಿನ ಅಂಕಿ

ಅಪ್ಪಾ,

ಕರಾವಳಿಯುದ್ದಕ್ಕೂ ಕೇರ್ನ್ಸ್‌ವರೆಗೆ ಹೋಗೋಣವೆಂದು ಹೊರಟ ನಾನೂ ಮಗಳು ಟಿಲ್ಡಾಳೂ ಕಾರ್ಡ್‌ವೆಲ್ ಊರು ದಾಟಿ ಸಿಕ್ಕಿಹಾಕಿಕೊಂಡಿದ್ದೇವೆ. ಮುಂದಿನ ಹಳ್ಳ ಉಕ್ಕಿದೆ, ಹಿಂದಿನದೂ ಉಕ್ಕಿದೆ. ನಡುವೆ ಕಬ್ಬಿನ ಗದ್ದೆ, ಮೊಸಳೆಯ ಎಚ್ಚರಿಕೆ ಫಲಕ, ನಾಲ್ಕು ಗಾಡಿ. ಬೆಳಗ್ಗೆಯಿಂದ ಟಿಲ್ಡಾಗೆ ಒಂದೇ ಕೆಲಸ: ನೀರಿನ ಆಳ ತೋರಿಸುವ ಕಂಬದ ಅಂಕಿ ಓದಿ ಕೂಗುವುದು. ಆರು ವರ್ಷದವಳು, ಓದು ಹೊಸದು.

ಹಿಂದಿನ ಗಾಡಿಯ ಮುದುಕ ಬಂದು ಗಾಜು ತಟ್ಟಿದ. "ಏನಮ್ಮಾ, ಸಿಡ್ನಿಯವಳಾ? ಅವರೇ ಹೀಗೆ ಕಂಬ ಓದ್ತಾ ಕೂರೋದು. ನನ್ನ ಹಿಂದೇನೇ ಬಾ, ದಾಟಿಸ್ತೀನಿ."

ಸಿಡ್ನಿಯವರನ್ನು ನೀನು ಆಡಿಕೊಳ್ಳುತ್ತಿದ್ದದ್ದೂ ಹೀಗೇ; ನಿನ್ನದೇ ಮಾತು, ನಿನ್ನದೇ ನಗು. ನನ್ನ ಕೈ ಆಗಲೇ ಗಾಡಿಯ ಗೇರ್ ಮೇಲಿತ್ತು.

"ಅಮ್ಮಾ, ಒಂದು ಮೀಟರ್!" ಟಿಲ್ಡಾ ಕಿರುಚಿದಳು.

ಎಂಜಿನ್ ಆರಿಸಿದೆ. "ನಾನು ಇಲ್ಲಿಯವಳೇ. ನಮ್ಮಪ್ಪ ಕೊಚ್ಚಿಹೋಗಿದ್ದು ಇದೇ ಹಳ್ಳದಲ್ಲಿ" ಎಂದೆ. ಮುದುಕ ಟೋಪಿ ತೆಗೆದ, ವಾಪಸು ಹೋದ.

ಟಿಲ್ಡಾ ಕಂಬ ಬಿಟ್ಟು ನನ್ನ ಕಡೆ ತಿರುಗಿದಳು. "ಅಜ್ಜನಿಗೆ ಅಂಕಿ ಓದೋಕೆ ಬರ್ತಿರ್ಲಿಲ್ವಾ?"

"ಚೆನ್ನಾಗಿ ಬರ್ತಿತ್ತು."

"ಮತ್ಯಾಕೆ ದಾಟೋಕೆ ಹೋದ?"

ಅವತ್ತು ಅವಳ ಮೊದಲ ಹುಟ್ಟುಹಬ್ಬ. ನೀನು ಈ ದಡದಲ್ಲಿ ಗಾಡಿ ನಿಲ್ಲಿಸಿಕೊಂಡೇ ಫೋನ್ ಮಾಡಿದ್ದೆ. "ಎಲ್ಲರೂ ಕಾಯ್ತಿದ್ದಾರೆ, ನೀನೂ ಕಂಬ ಓದ್ತಾ ಕೂತ್ಯಾ?" ಎಂದು ನಕ್ಕವಳು ನಾನು.

"ಈಗ ಎಷ್ಟಿದೆ ನೋಡು ಪುಟ್ಟೀ" ಎಂದೆ.