ಫೋಟೋದಲ್ಲಿ ಇಲ್ಲದ ನಗು

ತಾ. ೧೨-೧೧-೧೯೪೩. ಚೌಕಗಳು ಇಪ್ಪತ್ತನಾಲ್ಕು.

ಚಿ. ಗಿರಿಜೆಗೆ ಆಶೀರ್ವಾದ.

ನಮ್ಮ ಮದುವೆಯಾದ ವರ್ಷದ ಫೋಟೋಗೆ ಚೌಕ ಎಳೆದು ನೀನು ದೊಡ್ಡದಾಗಿ ಬರೆದಿರುವ ಚಿತ್ರವನ್ನು ತಾಳೆ ನೋಡಿದೆ. ಇಪ್ಪತ್ತಮೂರು ಚೌಕ ಸರಿಯಾಗಿವೆ. ಉಳಿದ ಒಂದರಲ್ಲಿ ನಾನು ನಗುತ್ತಿದ್ದೇನೆ, ಫೋಟೋದಲ್ಲಿ ನಗುವಿಲ್ಲ. ಅಲುಗಾಡಬೇಡಿ ಎಂದು ಫೋಟೋದವನು ಹೇಳಿದ್ದರಿಂದ ಮಕ್ಕಳಿಗೆ ಮಗ್ಗಿ ಹೇಳಿಸುವ ಮೇಷ್ಟರಾದ ನಾನು ಅಂದು ಉಸಿರು ಹಿಡಿದು ಹತ್ತು ಎಣಿಸುತ್ತಿದ್ದೆ.

“ಇಲ್ಲೂ ಮಗ್ಗೀನೇನ್ರೀ? ಒಸಿ ನಗಬಾರ್ದಾ?” ಎಂದು ನಿಮ್ಮಮ್ಮ ಅಂದೇ ಕೇಳಿದಳು, ಇಂದಿಗೂ ಕೇಳುತ್ತಾಳೆ.

ಅಳಿಸಲೆಂದು ಒದ್ದೆ ಬಟ್ಟೆ ಹಿಡಿದೆ, ಕೈ ಬರಲಿಲ್ಲ. ನೀನೂ ಮುಟ್ಟಬೇಡ. ಬಣ್ಣ ಆರುವವರೆಗೆ ಬೆಕ್ಕನ್ನು ಒಳಗೆ ಬಿಡಬೇಡ.

ನೀನು ಏಳುವ ಮೊದಲೇ ಇದನ್ನು ಬರೆದಿಟ್ಟು ದೊಡ್ಡಬೆಳವಂಗಲಕ್ಕೆ ಹೊರಟಿದ್ದೇನೆ, ಬರುವುದು ನಾಳೆ. ಇಂದು ಸಂಜೆ ನಿಮ್ಮಮ್ಮ ಹೊಸಕೋಟೆಯಿಂದ ಬಂದೊಡನೆ ಚಿತ್ರ ತೋರಿಸು. ಮೂವತ್ತೊಂದು ವರ್ಷದ ಬಾಕಿ ಸಂದಾಯವಾಯಿತೆಂದು ತಿಳಿಸು.

ನಿನ್ನ ತಂದೆ