ಹತ್ತಿ ಗೋದಾಮಿನ ಗೋಡೆ

ಜೂನ್ 3, ಸಂಜೆ

ಕಾಲೇಜು ಮುಗಿಸಿ ಇವತ್ತೂ ನೇರ ಗೋದಾಮಿಗೆ. ಅಸದ್ ಟೇಪ್ ಹಿಡಿದ, ನಾನು ಬರೆದುಕೊಂಡೆ. ಹೈಸ್ಕೂಲಿನ ಈ ಡ್ರಾಯಿಂಗ್ ಮಾಸ್ತರನಿಗೆ ಕ್ಲಾಸಿಗಿಂತ ಇಲ್ಲೇ ಹುರುಪು ಹೆಚ್ಚು. ಉದ್ದನೆಯ ಗೋಡೆ ಮುಗಿಯಿತು, ಕಮಾನುಗಳು ಬಾಕಿ. ಅಳತೆಯೆಲ್ಲ ಮುಗಿದರೆ ಪುರಾತತ್ವ ಇಲಾಖೆಗೆ ಅರ್ಜಿ, ಕಟ್ಟಡ ಉಳಿಸಿಕೊಡಿ ಅಂತ. ತೊಲೆಯ ಸಂದಿಯಲ್ಲಿ ಹತ್ತಿ ಇನ್ನೂ ಸಿಕ್ಕಿಕೊಂಡಿದೆ, ಕಪ್ಪಗಾಗಿ. ನಿಜಾಮರ ಕಾಲದಲ್ಲಿ ಲಿಂಗಸುಗೂರು ಸೀಮೆಯ ಹತ್ತಿ ಇಲ್ಲಿ ತುಂಬಿ, ಬಂಡಿಯಲ್ಲಿ ರಾಯಚೂರಿನ ರೈಲಿಗೆ. ಬರೀ ಇಟ್ಟಿಗೆ, ಗಾರೆ, ಸಾಗವಾನಿ... ಹಿಸ್ಟರಿ ಪಾಠ ಮಾಡುತ್ತ ಇಷ್ಟು ವರ್ಷ ಇದರ ಮುಂದೆಯೇ ಓಡಾಡಿದ್ದೇನೆ, ಒಮ್ಮೆಯೂ ಒಳಗೆ ಕಾಲಿಟ್ಟಿರಲಿಲ್ಲ.

ಹೊರಗೆ ಮಾರೆಮ್ಮ ಬಿಸಿ ಮಿರ್ಚಿ ಬಜ್ಜಿ ಕೊಟ್ಟಳು. ಅವಳ ಬಂಡಿ, ಒಲೆ ಎಲ್ಲ ಆ ಗೋಡೆಯ ನೆರಳಿನಲ್ಲೇ.

ಜೂನ್ 11

ಮಾಲೀಕರು ಶಿವಶರಣಪ್ಪ ಸಿಂಧನೂರಿನಿಂದ ಬಂದಿದ್ದರು. ಗೋದಾಮು ಅವರ ಅಜ್ಜ ಕಟ್ಟಿಸಿದ್ದು. ಇವರಿಗೆ ಈಗ ಸಿಂಧನೂರಿನಲ್ಲಿ ರೈಸ್ ಮಿಲ್ಲು. ಈ ಗೋದಾಮು ಕೆಡವಿ ಕಾಂಪ್ಲೆಕ್ಸ್ ಮಾಡಬೇಕಂತೆ. ಕೆಟ್ಟ ಮನುಷ್ಯರಲ್ಲ, ಅದೇ ಕಷ್ಟ.

"ಇದಕ್ಕ ಕಿಮ್ಮತ್ತು ಐತಿ ಅಂತೀರಿ ಮೇಡಂ, ಒಪ್ಪತೀನಿ. ಆದ್ರ ಚರಂಡಿ ನೀರು ಬುಡಕ್ಕ ಇಳ್ಯಾಕತ್ತಾವು. ನಾಳೆ ಯಾರ ಮ್ಯಾಲರ ಬಿತ್ತಂದ್ರ?"

"ಇಷ್ಟು ವರ್ಷ ನಿಂತದ್ದು ಈಗ್ಯಾಕ ಬೀಳತೈತ್ರೀ?"

ನಕ್ಕರು. ಇಲಾಖೆಯವರು ಬಂದು ನೋಡುವ ತನಕ ಮುಟ್ಟುವುದಿಲ್ಲ ಎಂದು ಮಾತು ಕೊಟ್ಟರು. ಗೆದ್ದೆ. ಮನೆಗೆ ಬಂದು ಸಿಹಿ ಮಾಡಿದೆ.

ಜುಲೈ 19

ವಾರದಿಂದ ಮಳೆ. ಗೋಡೆಯ ಬುಡದಲ್ಲಿ ಬಿರುಕು. ಬೆರಳು ತೂರಿಸಿದೆ, ಪೂರ್ತಿ ಹೋಯಿತು.

ಅಸದ್ ಬಿರುಕಿಗೆ ಟೇಪ್ ಹಿಡಿದು ಅಳೆದ. ಆಮೇಲೆ: "ಮಾರೆಮ್ಮನ್ನ ಬಸ್‌ಸ್ಟ್ಯಾಂಡ್ ಕಡೀಗೆ ಕಳಸೂಣ್ರೀ ಮೇಡಂ."

ಬೇಡ ಅಂದೆ. ಅವಳನ್ನು ಎಬ್ಬಿಸಿದರೆ ಗೋಡೆ ಅಪಾಯ ಅಂತ ನಾವೇ ಒಪ್ಪಿದ ಹಾಗೆ. ಇಲಾಖೆಯವರು ಬರುವ ಹೊತ್ತಿಗೆ ಊರೆಲ್ಲ ಅದನ್ನೇ ಹೇಳುತ್ತದೆ.

ಮಾರೆಮ್ಮ ಎಲ್ಲ ಕೇಳಿಸಿಕೊಂಡಿದ್ದಳು. "ನೀವ ಹೇಳ್ರಿ ಟೀಚರ. ಬೀಳತೈತೇನು?"

"ಇಲ್ಲಬೇ. ಗಟ್ಟಿ ಐತಿ."

"ಹಂಗಾದ್ರ ಇರತೀನಿ."

ಜುಲೈ 24, ರಾತ್ರಿ

ಬಿತ್ತು.

ಮಧ್ಯಾಹ್ನ. ಮಳೆ ಜೋರಾಯಿತೆಂದು ಮಾರೆಮ್ಮ ಗೋಡೆಗೆ ಒತ್ತಿ ಕೂತಿದ್ದಳಂತೆ. ಒಲೆ ಹಚ್ಚಿರಲಿಲ್ಲ, ಅಷ್ಟೇ ಪುಣ್ಯ. ನಾನು ಓಡಿ ಹೋಗುವಷ್ಟರಲ್ಲಿ ಸೊಂಟದ ಕೆಳಗೆಲ್ಲ ಇಟ್ಟಿಗೆ. ಅಸದ್, ಆಟೋದವರು ಕೈಯಿಂದಲೇ ಎತ್ತುತ್ತಿದ್ದರು. ನಾನೂ ಎತ್ತಿದೆ. ನೀರು ಕುಡಿದ ಇಟ್ಟಿಗೆ ಇಷ್ಟು ಭಾರ ಇರುತ್ತದೆಂದು ಗೊತ್ತಿರಲಿಲ್ಲ.

ರಾಯಚೂರಿಗೆ ಒಯ್ದರು. ಜೀವ ಇದೆ.

ಕೈ ಎಷ್ಟು ತೊಳೆದರೂ ಉಗುರಿನಲ್ಲಿ ಗಾರೆ...

ಆಗಸ್ಟ್ 2

ಜೆಸಿಬಿ. ಮಿಕ್ಕದ್ದೆಲ್ಲ ಒಂದೇ ಮಧ್ಯಾಹ್ನಕ್ಕೆ ನೆಲಸಮ. ಯಾರೂ ತಡೆಯಲಿಲ್ಲ. ನಾನೂ. ಜನ ಟ್ರ್ಯಾಕ್ಟರಿನಲ್ಲಿ ಇಟ್ಟಿಗೆ ಒಯ್ದರು. ಶಿವಶರಣಪ್ಪ ದೂರ ನಿಂತಿದ್ದರು. ನನ್ನನ್ನು ಕಂಡು ಕೈ ಮುಗಿದರು. ಅವರು ನನ್ನನ್ನು ಬೈದುಬಿಡಬೇಕಿತ್ತು.

ಸಂಜೆ ಇಲಾಖೆಯಿಂದ ಫೋನ್. ಸೋಮವಾರ ಬರುತ್ತಾರಂತೆ. ಬರಬೇಡಿ ಅಂದೆ.

ಆಗಸ್ಟ್ 5

ಕ್ಲಾಸಿಗೆ ಹೋಗಲಿಲ್ಲ.

ಆಗಸ್ಟ್ 17

ಕಡೆಗೂ ರಾಯಚೂರಿಗೆ ಹೋಗಿ ಬಂದೆ. ವಾರ್ಡಿನ ಹೊರಗೆ ಮಾರೆಮ್ಮನ ಮಗಳು ಅಂಬಿಕಾ. ತಾಯಿಯ ಬಲಗಾಲು ತೆಗೆದಿದ್ದಾರೆ, ಮೊಣಕಾಲಿನ ಮೇಲಿಂದ.

"ಗೋದಾಮು ಕೆಡವ್ಯಾರ ಅಂತ ಅವ್ವಗ ಹೇಳಿಲ್ರೀ. ನೀವೂ ಹೇಳಬ್ಯಾಡ್ರಿ." ಔಷಧದ ಚೀಟಿ ಮಡಚುತ್ತ ಅಂದಳು, "ಎದ್ದು ಬಾ ಅಂತ ನಾನೂ ಅಂದಿದ್ದೆ. ಟೀಚರು ಗಟ್ಟಿ ಐತಿ ಅಂದಾರ ಅಂದ್ಲು."

ದನಿಯಲ್ಲಿ ಸಿಟ್ಟಿರಲಿಲ್ಲ.

ಮಾರೆಮ್ಮ ನನ್ನನ್ನು ಕಂಡು ಏಳಲು ನೋಡಿದಳು. ಊಟ ಆತೇನು ಅಂತ ಕೇಳಿದಳು. ನನ್ನನ್ನು.

"ನನ್ನ ಜಾಗದಾಗ ಯಾರರ ಕುಂತಾರೇನ್ರೀ ಟೀಚರ?"

"ಯಾರೂ ಇಲ್ಲಬೇ."

"ಕಾಲು ಹೋದ್ರ ಹೋತು, ಕುಂತು ಮಾಡೂ ಕೆಲಸ. ಆದ್ರ ಬಿಸಲಾಗ ಆಗೂದಿಲ್ಲ, ನೆಳ್ಳು ಬೇಕು. ಸಾವ್ಕಾರ್ಗ ಒಂದು ಮಾತು ಹೇಳ್ರಿ. ನಿಮ್ಮ ಮಾತು ಕೇಳತಾರ ಅವ್ರು."

ಹ್ಞೂಂ ಅಂದೆ. ಸೆರಗಿನಿಂದ ಮುಖ ಒರೆಸಿಕೊಂಡು ಎದ್ದು ಬಂದೆ.

ವಾಪಸ್ ಬರುವಾಗ ಬಸ್ಸು ಆ ಬಯಲಿನ ಎದುರಿಗೇ ನಿಂತಿತು. ತಂತಿಬೇಲಿ ಹಾಕಿದ್ದಾರೆ. ಮಾರೆಮ್ಮನ ಬಂಡಿ ಇದ್ದ ಕಡೆ ಬಿಸಿಲು. ಪಕ್ಕದ ಸೀಟಿನ ಹೆಂಗಸು ಇಲ್ಲಿ ಏನಿತ್ರೀ ಅಂತ ಕೇಳಿದಳು. ನೆಳ್ಳು ಇತ್ರೀ, ಅಂದೆ.